ನಗಿಸಿ ಮುಗಿಸಿದ ಮಾತು

ನಮ್ಮ ನೆಂಟರಿಷ್ಟರು ನನ್ನನ್ನು ಮದುವೆಗೆ ಎರಡು ಸಲ ಕರೆಯುತ್ತಾರೆ. ಒಂದು ಸಲ ಎಲ್ಲರ ಹಾಗೆ ಕಾರ್ಡು ಕೊಟ್ಟು. ಇನ್ನೊಂದು ಸಲ ಫೋನು ಮಾಡಿ, "ತಪ್ಪುಸ್ಕಬ್ಯಾಡ ಕಣಕ್ಕ, ನೀನಿಲ್ದಿದ್ರೆ ಬೀಗ್ರುನ್ನ ಆಡ್ಕಳೋರು ಯಾರು?" ಎಂದು.

ಬೀಗರನ್ನು ಆಡಿಕೊಳ್ಳುವುದು ನಮ್ಮ ಕಡೆಯ ಮದುವೆಗಳಲ್ಲಿ ಊಟದಷ್ಟೇ ಮುಖ್ಯ. ಗಂಡಿನ ಕಡೆಯವರು ಎಲೆಯ ಮುಂದೆ ಕೂತ ಮೇಲೆ ಹೆಣ್ಣಿನ ಕಡೆಯ ಹೆಂಗಸರು ಒಂದು ಕಡೆ ಗುಂಪು ಕೂಡಿ ಪದ ಕಟ್ಟಿ ಅವರ ಮಾನ ಹರಾಜಿಗಿಡುತ್ತಾರೆ. ಗಂಡಿನ ಅಪ್ಪನ ಹೊಟ್ಟೆ, ಸೋದರಮಾವನ ಮೀಸೆ, ಚಿಕ್ಕಪ್ಪನ ಹೊಸ ಹಲ್ಲುಸೆಟ್ಟು, ಯಾವುದನ್ನೂ ಬಿಡುವ ಹಾಗಿಲ್ಲ. ಈಗ ಛತ್ರಗಳಲ್ಲಿ ಸ್ಪೀಕರಿನ ಅಬ್ಬರಕ್ಕೆ ಪದ ಕೇಳಿಸುವುದಿಲ್ಲವಾದ್ದರಿಂದ ಹಾಡು ಹೋಗಿ ಬರೀ ಮಾತು ಉಳಿದಿದೆ. ಏನಂದರೂ ಬೀಗರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಅವರೇ ಸಣ್ಣವರು. ಹಾಗಾಗಿ ನಗುತ್ತಾರೆ. ಅರ್ಧ ಗಂಟೆಯಾದ ಮೇಲೆ ಆಡಿಕೊಂಡ ಹೆಂಗಸರೇ ಸೆರಗು ಸಿಕ್ಕಿಸಿಕೊಂಡು ಅದೇ ಗಂಡಸರಿಗೆ ಎರಡನೇ ಸಲ ಸಾರು ಬಡಿಸಲು ಹೋಗುತ್ತಾರೆ.

ಈ ಕೆಲಸದಲ್ಲಿ ನನಗೆ ದೊಡ್ಡ ಹೆಸರಿದೆ. ಐವತ್ತಮೂರು ವರ್ಷಕ್ಕೆ ಇನ್ನೇನೂ ಹೆಸರು ಮಾಡಲಿಲ್ಲ.

ಈ ಬಾಯಿ ನನಗೆ ಬಂದದ್ದು ಅವ್ವನಿಂದ. ಅವ್ವ ತೆರಕಣಾಂಬಿಯಲ್ಲಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಸ್ಕೂಲಿಗೆ ರಜೆಯಿದ್ದಾಗ ಅಕ್ಕನೂ ನಾನೂ ಜೊತೆಗೆ ಹೋಗುತ್ತಿದ್ದೆವು. ಅರಿಶಿನದ ಹೊಲದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲು ಹಿಡಿದು ಕಳೆ ಕೀಳುವಾಗ ಮಾತೆಲ್ಲ ಅವ್ವನದೇ. ಒಂದು ದಿನ ಹೊಲದ ಯಜಮಾನ ಬದುವಿನ ಮೇಲೆ ಕೊಡೆ ಹಿಡಿದು ನಿಂತು, "ಕೈಯಾಡ್ಸ್ರಮ್ಮಿ, ಬಾಯಾಡುಸ್ಬ್ಯಾಡಿ" ಎಂದ. ಅವ್ವ ಬಗ್ಗಿದ ತಲೆ ಎತ್ತದೆ, "ನೀವೂ ಒಂದ್ ಸಾಲು ಇಡ್ಕಳಿ ಬುದ್ಧಿ, ಕೊಡೆ ನಾನ್ ಇಡ್ಕತಿನಿ" ಎಂದಳು. ಹೆಂಗಸರೆಲ್ಲ ಮುಸಿಮುಸಿ ನಕ್ಕರು. ಯಜಮಾನನೂ ನಕ್ಕ. ನಕ್ಕು, ಸಂಜೆ ಹೊರಡುವ ಹೊತ್ತಿಗೆ ಇನ್ನೊಂದು ಸಾಲು ಮುಗಿಸಿಯೇ ಹೋಗಿ ಎಂದ. ಎಷ್ಟೋ ವರ್ಷ ನನಗೆ ಆ ನಗುವಷ್ಟೇ ನೆನಪಿತ್ತು. ಆ ಹೆಚ್ಚಿನ ಸಾಲು ನೆನಪಿಗೆ ಬಂದದ್ದು ಇತ್ತೀಚೆಗೆ.

ನನ್ನ ಮನೆ ಗುಂಡ್ಲುಪೇಟೆಯಲ್ಲಿ, ಕೆಲಸ ಚಾಮರಾಜನಗರದ ಒಂದು ಕಚೇರಿಯಲ್ಲಿ. ಗುಮಾಸ್ತೆ. ದಿನಾ ತೆರಕಣಾಂಬಿ ಮೇಲೆ ಹೋಗುವ ಬಸ್ಸು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಗಂಡಸರ ಗೊಣಗಾಟ ಕೇಳದೆ ಒಂದು ದಿನವೂ ಊರು ತಲುಪಿಲ್ಲ. ಒಬ್ಬರು ಹಿರಿಯರು ಕಂಬಿ ಹಿಡಿದು ನೇತಾಡುತ್ತಾ, "ಪ್ರೀ ಅಂದಿದ್ದೇ ತಡ, ಎಲ್ಲಾ ಎಂಗುಸ್ರೂ ಅತ್ಬುಟ್ರು. ನಾವು ನಿಂತ್ಕಂಡು ಸಾಯ್ಬೇಕಾಯ್ತು" ಎಂದರು. "ಮನೇಲಿ ನೀವು ಕೂತಿರ್ತೀರಿ, ನಾವು ನಿಂತಿರ್ತೀವಿ. ಬಸ್ಸಲ್ಲಿ ಒಂದು ಗಂಟೆ ಅದ್ಲುಬದ್ಲು ಅಷ್ಟೇ ಬುಡಿ" ಎಂದೆ. ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಆಮೇಲೆ ಒಂದು ವಾರ ನನ್ನನ್ನು ಕಂಡಾಗಲೆಲ್ಲ ಆ ಮಾತನ್ನೇ ಹೇಳಿ ನಗುತ್ತಿದ್ದ. ಗೊಣಗಾಟ ಮಾತ್ರ ನಿಂತಿಲ್ಲ, ಇವತ್ತು ಬೆಳಗ್ಗೆಯೂ ಇತ್ತು.

ಕಚೇರಿಯದೂ ಇದೇ ಕತೆ. ಮೀಟಿಂಗು ಎಂದರೆ ಸಾಹೇಬರು ಹೆಣ್ಣುಮಕ್ಕಳನ್ನೇ ಕರೆದು ವಡೆ, ಚಟ್ನಿ ಹಂಚಿಸುತ್ತಿದ್ದರು. ಅದಕ್ಕೆಂದೇ ಒಬ್ಬ ಅಟೆಂಡರ್ ಇದ್ದ. ಅವನು ಬಾಗಿಲಿಗೊರಗಿ ನಿಂತು ನಮ್ಮನ್ನು ನೋಡುತ್ತಿದ್ದ. ಒಂದು ದಿನ ನಾನು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ, "ಸಾರ್, ನನ್ನ ನೇಮಕಾತಿ ಆದೇಶ ಇನ್ನೊಂದು ಸಲ ಓದಿದೆ. ಟೈಪಿಂಗ್ ಬರಬೇಕು ಅಂತ ಇದೆ, ಚಟ್ನಿ ಬಡಿಸೋಕೆ ಬರಬೇಕು ಅಂತ ಎಲ್ಲೂ ಇಲ್ಲ. ಒಂದು ತಿದ್ದುಪಡಿ ಆದೇಶ ಹೊರಡಿಸಿಬಿಡಿ, ಸರ್ವಿಸ್ ರಿಜಿಸ್ಟರಿಗೆ ಸೇರಿಸ್ಕೋತೀನಿ" ಎಂದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಮೀಟಿಂಗಿಗೆ ನನ್ನನ್ನು ಕರೆಯಲಿಲ್ಲ. ಹೊಸದಾಗಿ ಬಂದಿದ್ದ ಹುಡುಗಿಯನ್ನು ಕರೆದರು. ಆಮೇಲಾಮೇಲೆ ಮೇಲಧಿಕಾರಿಗಳು ಬಂದರೆ ನನಗೆ ಒಳಗೆ ಬರಲು ಹೇಳಿ, "ನಮ್ಮ ಮೇಡಂ ಏನಾದ್ರೂ ಒಂದು ಬಿಡ್ತಾರೆ ನೋಡಿ" ಎಂದು ಕುರ್ಚಿಗೆ ಒರಗಿ ಕಾಯುತ್ತಿದ್ದರು. ವಡೆಯ ಜೊತೆಗೆ ನಾನೂ ಒಂದು ತಿಂಡಿಯಾದೆ.

ನನ್ನ ಗಂಡ ಹೈಸ್ಕೂಲು ಮೇಷ್ಟ್ರು, ಒಳ್ಳೆಯ ಮನುಷ್ಯ. ನನ್ನ ಬಾಯಿಯ ಬಗ್ಗೆ ಅವರಿಗೆ ಹೆಮ್ಮೆ. "ಉಪ್ಪಿನ ಡಬ್ಬ ಎಲ್ಲಿದೆ ಅಂತ ನಮ್ಮೆಜಮಾನರನ್ನ ಕೇಳಿ, ಅಟ್ಲಾಸ್ ತೆಗೀತಾರೆ" ಎಂದು ನಾನು ಹೇಳಿದ್ದನ್ನು ಅವರೇ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಾರೆ. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಉಪ್ಪಿನ ಡಬ್ಬ ಇದ್ದಲ್ಲೇ ಇದೆ. ನಿನ್ನೆಯೂ ಎಲ್ಲಿದೆ ಎಂದು ಕೇಳಿದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ ನನಗೆ ಸುಸ್ತಾಗಿದೆ. ನಗಿಸದೆ ಒಂದು ಮಾತು ಹೇಳಿದರೆ ಇವಳಿಗೆ ಮೈ ಸರಿ ಇಲ್ಲವೇ ಎಂದು ಕೇಳುತ್ತಾರೆ. ನಗಿಸಿ ಹೇಳಿದರೆ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಆದರೂ ನನ್ನ ಬಾಯಿಂದ ಹೆಚ್ಚೆಂದರೆ ನನಗೇ ಆಯಾಸ, ಬೇರೆ ಯಾರಿಗೂ ಕೇಡಾಗಿಲ್ಲ ಎಂದುಕೊಂಡಿದ್ದೆ. ಹೋದ ವರ್ಷ ಅಕ್ಕನ ಮಗಳ ಮದುವೆಯ ಮಾತುಕತೆ ನಡೆಯುವವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಅಕ್ಕನನ್ನು ಕೊಟ್ಟಿದ್ದು ತೆರಕಣಾಂಬಿಯಲ್ಲೇ. ಭಾವ ಸಣ್ಣ ಈರುಳ್ಳಿ, ಬಾಳೆ ಬೆಳೆಯುತ್ತಾರೆ. ಒಬ್ಬಳೇ ಮಗಳು. ಡಿಗ್ರಿ ಮುಗಿಸಿ ಅರಣ್ಯ ಇಲಾಖೆಯ ಗಾರ್ಡು ಕೆಲಸಕ್ಕೆ ಅರ್ಜಿ ಹಾಕಿದಾಗ ಅಕ್ಕ, "ಇದ್ಯಾವ್ ಉಚ್ಚು ನಿಂಗೆ?" ಎಂದು ಬೈದಳು. ಹುಡುಗಿ ಬೈಸಿಕೊಂಡು ಮಾರನೆಯ ಬೆಳಗ್ಗೆ ಐದಕ್ಕೆದ್ದು ಓಡಲು ಹೋದಳು. ಊರ ಹೊರಗಿನ ರಸ್ತೆಯಲ್ಲಿ ಆರು ತಿಂಗಳು ಓಡಿದಳು. ಟೀ ಅಂಗಡಿಯ ಮುಂದೆ ಕೂತವರು, "ಯಾರಮ್ಮಿ ಅಟ್ಟುಸ್ಕಬತ್ತಾ ಇರೋರು?" ಎಂದು ಕೂಗುತ್ತಿದ್ದರಂತೆ.

"ನೀನಾಗಿದ್ರೆ ಏನಂತಿದ್ದೆ ಚಿಕ್ಕವ್ವ?" ಎಂದು ನನ್ನನ್ನು ಕೇಳಿದಳು. ನಾನು ಉತ್ಸಾಹದಿಂದ ಮೂರು ಉತ್ತರ ಹೇಳಿಕೊಟ್ಟೆ, ಒಂದಕ್ಕಿಂತ ಒಂದು ಖಾರ. ಮುಂದಿನ ವಾರ ಸಿಕ್ಕಾಗ ಯಾವುದನ್ನು ಹೇಳಿದೆ ಎಂದು ಕೇಳಿದೆ.

"ಒಂದೂ ಏಳ್ಲಿಲ್ಲ. ಉತ್ರ ಕೊಡಾಕೆ ನಿಂತ್ರೆ ಟೈಮ್ ಓಯ್ತದೆ ಚಿಕ್ಕವ್ವ. ವಾಚಲ್ಲಿ ಲೆಕ್ಕ ಇಟ್ಟಿರ್ತಿನಿ" ಎಂದಳು.

ಓಟದಲ್ಲಿ ಪಾಸಾದಳು, ಆಯ್ಕೆಯಾದಳು, ತರಬೇತಿ ಮುಗಿಸಿದಳು, ಬಂಡೀಪುರದ ಕಡೆ ಪೋಸ್ಟಿಂಗ್ ಆಯಿತು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸ. ಕೆಲವು ದಿನ ಕಾಡೊಳಗಿನ ಕ್ಯಾಂಪಿನಲ್ಲೇ ಉಳಿಯಬೇಕು. ಒಂದು ಸಲ ಭಾನುವಾರ ಮನೆಗೆ ಬಂದವಳು ಊಟ ಮಾಡುತ್ತಾ ಆನೆಗಳ ವಿಷಯ ಹೇಳುತ್ತಿದ್ದಳು. ಹಿಂಡನ್ನು ನಡೆಸುವುದು ಮುದಿ ಹೆಣ್ಣಾನೆಯಂತೆ, ಗಂಡು ದೊಡ್ಡದಾದ ಮೇಲೆ ಹಿಂಡಿನಿಂದ ಆಚೆಗಂತೆ. ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಾನು ಮೂವತ್ತು ವರ್ಷ ಕೆಲಸ ಮಾಡಿದ್ದೇನೆ, ನನ್ನ ಕೆಲಸದ ಬಗ್ಗೆ ಮಾತಾಡುವಾಗ ನನ್ನ ಮುಖ ಯಾವತ್ತೂ ಹಾಗಾಗಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ಗಂಡು ಚಾಮರಾಜನಗರದ ಆಚೆಯ ಒಂದು ಹಳ್ಳಿಯವನು. ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮಾತು ಕಡಿಮೆ, ನೋಡಲು ಲಕ್ಷಣವಾಗಿದ್ದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ ಮೇಲೆ ಒಂದು ಭಾನುವಾರ ಅವರ ಕಡೆಯವರು ಅಕ್ಕನ ಮನೆಗೆ ಎಲೆ ಅಡಿಕೆ ಬದಲಾಯಿಸಿಕೊಳ್ಳಲು ಬಂದರು. ಎಲೆ ಅಡಿಕೆ ಬದಲಾದರೆ ಸಂಬಂಧ ಗಟ್ಟಿಯಾದ ಹಾಗೆ. ಏನು ಷರತ್ತಿದ್ದರೂ ಅದಕ್ಕೆ ಮೊದಲೇ ಹಿರಿಯರ ಮುಂದೆ ಹೇಳಿಬಿಡಬೇಕು. ಅವರ ಮನೆಯಲ್ಲಿ ಯಜಮಾನಿಕೆ ಹುಡುಗನ ದೊಡ್ಡಪ್ಪನದು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಅಣ್ಣ ಬಾಯಿ ತೆರೆದರೆ ಹುಡುಗನ ಅಪ್ಪ ತನ್ನ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಗಂಡಸರು ನಡುಮನೆಯಲ್ಲಿ ಕುರ್ಚಿ, ಚಾಪೆ ಹಿಡಿದರು, ಹುಡುಗ ಅವನ ಅಪ್ಪನ ಪಕ್ಕದಲ್ಲಿ. ಹೆಂಗಸರು ಅಡುಗೆಮನೆ ಬಾಗಿಲಲ್ಲಿ. ನಾನು ಮಾತ್ರ ಎರಡಕ್ಕೂ ನಡುವೆ, ಗೋಡೆಗೊರಗಿ ಚಾಪೆಯ ಅಂಚಿನಲ್ಲಿ ಕೂತಿದ್ದೆ. ನನ್ನಂಥವಳಿಗೆ ಆ ಜಾಗ ಕೊಡುತ್ತಾರೆ. ಛತ್ರ, ಮುಹೂರ್ತ, ಊಟ ಎಲ್ಲ ಮಾತಾಡಿ ಮುಗಿದ ಮೇಲೆ ದೊಡ್ಡಪ್ಪನವರು ಗಂಟಲು ಸರಿಮಾಡಿಕೊಂಡರು.

"ಎಲ್ಲಾ ಒಪ್ಗೆ. ಒಂದೇ ಒಂದು. ಮದ್ವೆ ಆದ್ಮೇಲೆ ಎಣ್ಮಗ ಕಾಡ್ಗೆ ಓಗದು ಬ್ಯಾಡ. ಉಲಿ, ಆನೆ ಓಡಾಡೊ ಜಾಗ. ಬದನಗುಪ್ಪೇಲಿ ನಮ್ಮುಡ್ಗನ ಫ್ಯಾಕ್ಟ್ರೀಲೇ ಒಂದ್ ಆಪೀಸ್ ಕೆಲ್ಸ ಕೊಡುಸ್ಬೋದು. ಇಲ್ವಾ, ಮನೇಲೇ ಇರ್ಲಿ, ನಮ್ಗೇನ್ ಕಮ್ಮಿ?"

ಭಾವ ಚಾಪೆ ನೋಡಿದರು. ಸೀರೆಯುಟ್ಟು ಕೂತಿದ್ದ ಹುಡುಗಿ ತಲೆಯೆತ್ತಿ ನನ್ನ ಕಡೆ ನೋಡಿದಳು. ಬಾಗಿಲಲ್ಲಿದ್ದ ಅಕ್ಕನೂ ನನ್ನನ್ನೇ ನೋಡಿದಳು. ಈ ನೋಟಗಳನ್ನು ನಾನು ಬಲ್ಲೆ. ನನಗೆ ಹೊಳೆದುಬಿಟ್ಟಿತು.

"ಹುಲಿನೇ ವಾಸಿ ಬುಡಿ ಯಜಮಾನ್ರೆ. ಉಂಡ ಮೇಲೆ ತಟ್ಟೆ ಎತ್ತು ಅನ್ನಕಿಲ್ಲ" ಎಂದೆ.

ಒಂದು ಕ್ಷಣ ತಡೆದು ಎಲ್ಲರೂ ನಕ್ಕರು. ಅಡುಗೆಮನೆಯಿಂದಲೂ ನಗು ಕೇಳಿಸಿತು. ನಾನು ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಗು ಸಿಕ್ಕಿದಾಗ ನಿಲ್ಲಿಸುವ ಅಭ್ಯಾಸ ನನಗಿಲ್ಲ.

"ಆನೆ ಇನ್ನೂ ವಾಸಿ. ಅವುಗಳ ಮನೇಲಿ ದೊಡ್ಡಪ್ಪದೀರನ್ನ ಆಚೆಗೆ ಅಟ್ಬುಟ್ಟು ಅಜ್ಜಿ ಯಜಮಾನ್ಕೆ ಮಾಡ್ತದೆ."

ದೊಡ್ಡಪ್ಪನವರು ನಕ್ಕ ನಗುವಿಗೆ ಕೆಮ್ಮು ಹತ್ತಿತು. ಟವೆಲಿನಿಂದ ಕಣ್ಣು ಒರೆಸಿಕೊಂಡು, "ಅಯ್ಯೋ ತಾಯಿ, ಬಲೇ ಬೀಗಿತ್ತಿ ಸಿಕ್ದಳಪ್ಪ ನಮ್ಗೆ!" ಎಂದರು. ಆ ನಗುವಿನಲ್ಲೇ ಯಾರೋ ತಟ್ಟೆ ತಂದಿಟ್ಟರು, ಎಲೆ ಅಡಿಕೆ ಬದಲಾಯಿತು. ಕೆಲಸದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಅವರು ನಕ್ಕು ಷರತ್ತು ಕೈಬಿಟ್ಟರು ಎಂದುಕೊಂಡೆ. ಅಕ್ಕ ಅಡುಗೆಮನೆಯಲ್ಲಿ ನನ್ನ ಕೆನ್ನೆ ಸವರಿ, "ನೀನಿದ್ದಿದ್ಕೆ ಆಯ್ತು ಕಣ" ಎಂದಳು. ಗುಂಡ್ಲುಪೇಟೆಗೆ ವಾಪಸ್ಸಾಗುವಾಗ ಗಂಡನಿಗೆ ಫೋನು ಮಾಡಿ ಎರಡೂ ಮಾತುಗಳನ್ನು ಹೇಳಿದೆ. ಅವರು ಸ್ಟಾಫ್ ರೂಮಿಗೆ ಬರೆದಿಟ್ಟುಕೊಂಡಿರಬೇಕು.

ಆಮೇಲಿನ ಎರಡು ತಿಂಗಳು ಮನೆಯಲ್ಲಿ ಹಬ್ಬದ ಹಾಗಿತ್ತು. ಗುಂಡ್ಲುಪೇಟೆಯಲ್ಲಿ ಛತ್ರ ಹಿಡಿದದ್ದಾಯಿತು, ಕಾರ್ಡು ಅಚ್ಚಾಯಿತು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳಿಗೆ ಸಿಗ್ನಲ್ ಸಿಗುವ ಜಾಗ ಕಡಿಮೆ, ಸಿಕ್ಕಾಗ ಎಲ್ಲ ಒಟ್ಟಿಗೆ ಹೇಳಬೇಕು. "ಕಾಡಲ್ಲಿ ಏನ್ ನೋಡ್ದೆ, ಪೋಟೋ ಕಳ್ಸು ಅಂತರೆ ಚಿಕ್ಕವ್ವ. ಮೊನ್ನೆ ಬೇರೇನೂ ಸಿಗ್ಲಿಲ್ಲ ಅಂತ ಆನೆ ಲದ್ದಿ ಪೋಟೋ ಕಳುಸ್ದೆ. ಅದ್ಕೂ ಹಾರ್ಟ್ ಆಕವ್ರೆ" ಎಂದು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ಸಮಾಧಾನವಾಯಿತು.

ಮದುವೆಗೆ ಹದಿನೈದು ದಿನ ಇರುವಾಗ ಹುಡುಗನ ಅಪ್ಪ ಭಾವನಿಗೆ ಫೋನು ಮಾಡಿದರು. ರಾಜೀನಾಮೆ ಕೊಟ್ಟಾಯಿತೇ ಎಂದು ಅಣ್ಣ ಕೇಳುತ್ತಿದ್ದಾರೆ, ಎಂದರು. ಭಾವ ಏನು ರಾಜೀನಾಮೆ ಎಂದರು. ಎರಡು ದಿನ ಫೋನಿನಲ್ಲಿ ಅದೇ ಆಯಿತು. ಮೂರನೆಯ ದಿನ ಅವರೇ ಬರುತ್ತೇವೆ ಎಂದರು.

ಅವತ್ತು ಕಚೇರಿಯಲ್ಲಿ ಬೆಳಗ್ಗೆಯಿಂದ ತಪಾಸಣೆ. ಕಡತ ಎತ್ತಿ ಇಳಿಸಿ ಸೊಂಟ ಬಿದ್ದುಹೋಗಿತ್ತು. ತೆರಕಣಾಂಬಿಯಲ್ಲಿ ಬಸ್ಸು ಇಳಿಯುವಾಗ ಆರೂವರೆ. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಅವರು ಆಗಲೇ ಬಂದು ಕೂತಿದ್ದರು, ದೊಡ್ಡಪ್ಪ, ಅಪ್ಪ, ಹುಡುಗ. ಅಕ್ಕ ನನ್ನ ಕೈಯಿಂದ ಚೀಲ ತೆಗೆದುಕೊಳ್ಳುತ್ತಾ ಕಿವಿಯಲ್ಲಿ ಹೇಳಿದಳು.

"ನೀನೇ ಏನಾರ ಒಂದ್ ಮಾತ್ ಎಸ್ದು ನಗುಸ್ಬುಡವ್ವ. ಅವತ್ನಂಗೆ ಸರ್ಯಾಗೋಯ್ತದೆ."

ಕಾಲು ತೊಳೆದು ಒಳಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಭಾವ ಮೆಲ್ಲಗೆ, "ಅವತ್ತು ಆ ಮಾತು ಅಲ್ಲಿಗೇ ಮುಗ್ದೋಯ್ತು ಅನ್ಕಂಡಿದ್ದೋ ಯಜಮಾನ್ರೆ" ಎನ್ನುತ್ತಿದ್ದರು.

"ಮುಗ್ದೋಯ್ತು, ಹೂಂ. ನೀವ್ ಒಪ್ದ್ರಿ, ಮುಗೀತು" ಎಂದರು ದೊಡ್ಡಪ್ಪ. ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ಅವರಿಗೆ ಆಶ್ಚರ್ಯವಾಗಿತ್ತು. ನನ್ನ ಕಡೆ ಕೈ ತೋರಿಸಿದರು. "ನಾನು ಮಾತ್ ಆಡ್ದೆ. ಈಯಮ್ಮ ಬೀಗ್ರುನ್ನ ಆಡ್ಕಳಕೆ ಸುರು ಮಾಡುದ್ರು. ಒಪ್ದೆ ಇರೋ ಮನೇಲಿ ಯಾರಾರ ಬೀಗ್ರುನ್ನ ಆಡ್ಕತರಾ? ಬೀಗ್ರು ಅಂತ ಆದ್ಮೇಲಲ್ವಾ ಆಡ್ಕಳದು? ಓ, ಎಣ್ಣಿನ್ ಕಡೇರು ಒಪ್ದ್ರು ಅನ್ಕಂಡೇ ನಾನು ಎಲೆಗ್ ಕೈ ಆಕ್ದೆ."

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸಂಬಂಧ ಗಟ್ಟಿಯಾಗದೆ ಬೀಗರನ್ನು ಆಡಿಕೊಳ್ಳುವುದಿಲ್ಲ, ಆಡಿಕೊಂಡರೆ ಅದು ಜಗಳ. ಊರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ನೂರು ಮದುವೆಗಳಲ್ಲಿ ಆಡಿಕೊಂಡ ನಾನೇ ಅದನ್ನು ಮರೆತಿದ್ದೆ. ಅವರು ನಕ್ಕದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ನಾನು ನಗಿಸಿದ್ದನ್ನು ಅವರು ಒಪ್ಪಿಗೆ ಎಂದುಕೊಂಡರು. ಮಧ್ಯದಲ್ಲಿ ಹುಡುಗಿಯ ಕೆಲಸ ಯಾರ ಕೈಗೂ ಸಿಗದೆ ಬಿದ್ದಿತ್ತು.

ಅಷ್ಟರಲ್ಲಿ ಅವಳು ಬಂದಳು. ಕೆಲಸದಿಂದ ನೇರವಾಗಿ ಬಂದಿದ್ದರಿಂದ ಖಾಕಿಯಲ್ಲೇ ಇದ್ದಳು, ಬೂಟಿನ ತುಂಬಾ ಧೂಳು. ಸಂಜೆಯ ಮಟ್ಟಿಗೆ ಅನುಮತಿ ಸಿಕ್ಕಿತ್ತು. ಕಾಡಿನ ರಸ್ತೆಗೆ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ, ಅಷ್ಟರೊಳಗೆ ಬಂಡೀಪುರ ಸೇರಬೇಕಿತ್ತು. ಬಾಗಿಲಲ್ಲಿ ಬೂಟು ಬಿಚ್ಚಿ, ಟೋಪಿ ಕೈಯಲ್ಲಿ ಹಿಡಿದುಕೊಂಡು ನಡುಮನೆಗೆ ಬಂದು ನಿಂತಳು. ಅಕ್ಕ, "ಒಳಿಕ್ ಬಾ ಅಮ್ಮಿ" ಎಂದು ಕರೆದಳು. ಅವಳು ಕದಲಲಿಲ್ಲ.

ದೊಡ್ಡಪ್ಪನವರು ಅವಳನ್ನು ಕಾಲಿಂದ ತಲೆಯವರೆಗೆ ನೋಡಿದರು. ನನ್ನ ಕಡೆ ತಿರುಗಿದರು. ಅವರಿಗೂ ಇದು ಹಗುರವಾಗಿ ಮುಗಿದರೆ ಸಾಕಾಗಿತ್ತು ಎಂದು ಕಾಣುತ್ತದೆ. "ಏನ್ ಬೀಗಿತ್ತಿ, ಇವತ್ತು ಮೂಗಿ ಆಗ್ಬುಟ್ರಲ್ಲ? ಏಳಿ, ಏನಾರ ಏಳಿ" ಎಂದು ನಗಲು ತಯಾರಾಗಿ ಕೂತರು. ಭಾವನೂ ಆಸೆಯಿಂದ ನನ್ನನ್ನು ನೋಡಿದರು. ಸಾಹೇಬರು ಕುರ್ಚಿಗೆ ಒರಗಿ ನೋಡುತ್ತಿದ್ದ ಹಾಗೆಯೇ ಇತ್ತು. ಮಾತು ಹೊಳೆಯಲಿಲ್ಲ ಎಂದು ಹೇಳಲಾರೆ, ನಾಲಿಗೆ ತುದಿಗೇ ಬಂದಿತ್ತು. ಒಳ್ಳೆಯ ಮಾತೇ. ಅದನ್ನು ಆಡಿದ್ದರೆ ಮನೆಯೆಲ್ಲ ನಗುತ್ತಿತ್ತು, ಕಾಫಿ ಬರುತ್ತಿತ್ತು, ಮದುವೆಯೂ ಆಗುತ್ತಿತ್ತು. ಮದುವೆಯಾದ ತಿಂಗಳಿಗೆ ಇದೇ ಪ್ರಶ್ನೆಯನ್ನು ಆ ಮನೆಯಲ್ಲಿ ಅವಳೊಬ್ಬಳನ್ನೇ ನಿಲ್ಲಿಸಿಕೊಂಡು ಕೇಳುತ್ತಿದ್ದರು.

ನನ್ನ ಬಾಯಿ ತೆರೆದದ್ದನ್ನು ಅವಳು ಕಂಡಿರಬೇಕು.

"ಚಿಕ್ಕವ್ವ, ನಿಂಗ್ ಕೈ ಮುಗೀತಿನಿ, ಸುಮ್ಕಿರು" ಎಂದಳು. ಬೈದ ಹಾಗಿರಲಿಲ್ಲ. ಜ್ವರ ಬಂದವರನ್ನು ಮಲಗು ಎಂದು ಹೇಳುವ ಹಾಗಿತ್ತು. ಆಮೇಲೆ ದೊಡ್ಡಪ್ಪನವರ ಕಡೆ ತಿರುಗಿದಳು. "ನಾನು ಕೆಲ್ಸ ಬುಡಕಿಲ್ಲ. ಅವತ್ತೂ ಬುಡ್ತಿನಿ ಅಂದಿಲ್ಲ. ಮದ್ವೆ ಆದ್ಮೇಲೂ ಓಗ್ತಿನಿ, ಕ್ಯಾಂಪ್ ಇದ್ರೆ ಅಲ್ಲೇ ಉಳ್ಕತಿನಿ. ಇದ್ಕೆ ಒಪ್ಗೆ ಇದ್ರೆ ಏಳಿ."

ಯಾರೂ ನಗಲಿಲ್ಲ. ನಗಲು ಅದರಲ್ಲಿ ಏನೂ ಇರಲಿಲ್ಲ. ನಮ್ಮ ಮನೆಯ ಹೆಣ್ಣೊಬ್ಬಳು ಗಂಡಸರ ಮುಂದೆ ನಿಂತು, ಸಕ್ಕರೆ ಹಚ್ಚದೆ, ತನಗೆ ಬೇಕಾದದ್ದನ್ನು ಹೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅವ್ವ ಹಾಗೆ ಹೇಳಿರಲಿಲ್ಲ. ನಾನೂ ಯಾವತ್ತೂ ಹೇಳಿಲ್ಲ. ಹುಲಿ, ಆನೆ, ಚಟ್ನಿ, ಅಟ್ಲಾಸು ಎಂದು ಸುತ್ತು ಬಳಸಿ ಬಂದವಳು ನಾನು. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ದೊಡ್ಡಪ್ಪನವರ ಮುಖ ಕೆಂಪಾಯಿತು. ಹುಲಿಯ ಮಾತಿಗೆ ನಕ್ಕ ಮನುಷ್ಯ, ಆನೆಯ ಮಾತಿಗೆ ಕಣ್ಣೊರೆಸಿಕೊಂಡ ಮನುಷ್ಯ ಈ ನಾಲ್ಕು ಸಾದಾ ಮಾತಿಗೆ ಉರಿದು ಹೋದರು. "ಏನ್ಲಾ, ಕೇಳಿಸ್ಕಂಡ್ಯಾ?" ಎಂದು ಹುಡುಗನನ್ನು ಕೇಳಿದರು.

ಹುಡುಗ ಅವಳನ್ನು ನೋಡಿದ. ಎಲ್ಲರೂ ಅವನನ್ನು ನೋಡಿದೆವು. ಅವನ ಕಿವಿ ಕೆಂಪಾಗಿತ್ತು. "ದೊಡ್ಡಪ್ಪ ಏಳ್ದಂಗೆ" ಎಂದ, ನೆಲ ನೋಡುತ್ತಾ.

ಅವಳು ಇನ್ನೂ ಒಂದು ನಿಮಿಷ ಕಾದಳು. ಅವನು ತಲೆಯೆತ್ತಲಿಲ್ಲ. ದೊಡ್ಡಪ್ಪನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಕಾಫಿ ಲೋಟಗಳು ತಟ್ಟೆಯಲ್ಲೇ ಉಳಿದವು. ಅವರ ಕಾರು ತಿರುಗಿಸುವ ಸದ್ದು ಕೇಳಿ ಅಕ್ಕ ಅಳಲು ಶುರು ಮಾಡಿದಳು. ಮಗಳನ್ನು ಏನೂ ಅನ್ನಲಿಲ್ಲ, ನನ್ನ ಮೇಲೆ ತಿರುಗಿದಳು.

"ಒಂದ್ ಮಾತ್ ಆಡಿ ನಗ್ಸಕ್ಕಾಗ್ಲಿಲ್ವಾ ನಿಂಗೆ? ಊರ್‌ನೋರ್ನೆಲ್ಲ ನಗುಸ್ತೀಯ, ಮಗ್ಳ್ ಬಾಳ್ಗೆ ಒಂದ್ ಮಾತ್ ಬರ್ಲಿಲ್ವಾ?"

ಹೇಳಲು ಹೋದರೆ ಬಹಳ ಇತ್ತು. ಮಗಳಿಗೆ ಬಸ್ಸು ತಪ್ಪುತ್ತದೆ ಎಂದು ಅವಳ ಜೊತೆ ಹೊರಟೆ.

ಬಸ್ ನಿಲ್ದಾಣದಲ್ಲಿ ಜನ ಕಡಿಮೆ ಇದ್ದರು. ಗುಂಡ್ಲುಪೇಟೆಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತೆವು. ಒಬ್ಬ ಮುದುಕ ಅವಳ ಖಾಕಿಯನ್ನೇ ನೋಡುತ್ತಾ ನಿಂತ, ನಾನು ದಿಟ್ಟಿಸಿದ ಮೇಲೆ ಆ ಕಡೆ ಹೋದ. ನಾನು ಸಮಾಧಾನಕ್ಕೆಂದು, "ಹೋದ್ರೆ ಹೋಗ್ಲಿ ಬುಡು. ಆ ಮನೇಲಿ ನಿಂಗೆ ಉಸಿರಾಡಕ್ಕೂ ದೊಡ್ಡಪ್ಪನ್ನ ಕೇಳ್ಬೇಕಾಗಿತ್ತು" ಎಂದೆ.

"ಅವ್ರು ನಂಗೆ ಇಷ್ಟ ಆಗಿದ್ರು ಚಿಕ್ಕವ್ವ" ಎಂದಳು.

ಅವಳು ಟೋಪಿಯ ಅಂಚನ್ನು ಬೆರಳಲ್ಲಿ ಉಜ್ಜುತ್ತಾ ಮುಂದುವರಿಸಿದಳು.

"ಅವತ್ತು ಎಲೆ ಅಡಿಕೆ ದಿನ, ಅವ್ರ ದೊಡ್ಡಪ್ಪ ಕೆಲ್ಸ ಬುಡ್ಲಿ ಅಂದ್ರಲ್ಲ. ಆಗ ಇವ್ರು, 'ಕೆಲ್ಸ ಇರ್ಲಿ ದೊಡ್ಡಪ್ಪ' ಅನ್ನಕ್ಕೆ ಬಾಯ್ ತೆಗ್ದಿದ್ರಂತೆ. ರಾತ್ರಿಯೆಲ್ಲ ಅದೇ ಮಾತ್ನ ಒಳ್ಗೊಳ್ಗೇ ಏಳ್ಕಂಡು ಬಂದಿದ್ರಂತೆ. ಅಷ್ಟ್ರಲ್ಲಿ ನೀನು ಹುಲಿ ಅಂದೆ, ಎಲ್ರೂ ನಕ್ಬುಟ್ರು. ಆಮೇಲೆ ಏಳಕ್ಕೆ ಧೈರ್ಯ ಬರ್ಲಿಲ್ವಂತೆ. ಹೋದ್ ವಾರ ಫೋನಲ್ಲಿ ಏಳುದ್ರು."

ಆ ಹೊತ್ತಿನಲ್ಲಿ ನಾನು ಹುಡುಗನ ಮುಖವನ್ನು ನೋಡಿಯೇ ಇರಲಿಲ್ಲ. ಯಾರು ಎಷ್ಟು ನಗುತ್ತಿದ್ದಾರೆ ಎಂದು ನೋಡುತ್ತಿದ್ದೆ. ಆ ಮನೆಯಲ್ಲಿ ಒಬ್ಬ ಗಂಡಸು, ಜೀವಮಾನದಲ್ಲಿ ಒಂದು ಸಲ, ದೊಡ್ಡಪ್ಪನ ಮಾತಿಗೆ ಎದುರು ಹೇಳಲು ಬಾಯಿ ತೆರೆದಿದ್ದ. ಅವನ ಬಾಯಿ ಮುಚ್ಚಿಸಿದವಳು ನಾನು.

"ನನ್ನಿಂದ ಆಯ್ತು ಕಂದ" ಎಂದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಎಲ್ರೂ ಒಂದ್ಸಲ ನಕ್ಕಿದ್ಕೇ ಓಗ್ಬುಟ್ಟ ಧೈರ್ಯ ಅದೆಂಥಾ ಧೈರ್ಯ ಬುಡು ಚಿಕ್ಕವ್ವ. ಆನೆ ಬಂದಿದ್ರೆ ನನ್ನ ಅಲ್ಲೇ ಬುಟ್ಟು ಓಡೋರು."

ಅಂಥ ಮಾತು ನನ್ನ ಬಾಯಿಂದ ಬಂದಿದ್ದರೆ ಜನ ವಾರಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಅವಳು ಹೇಳಿ ಮುಗಿಸುವಷ್ಟರಲ್ಲಿ ಮುಖ ಕಿವುಚಿಕೊಂಡಿತು. ಟೋಪಿಯನ್ನು ನನ್ನ ಮಡಿಲಿಗೆ ಹಾಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಸ್ಸು ಬರುವವರೆಗೂ ಅವಳು ಅತ್ತಳು. ನಾನು ಒಂದು ಮಾತೂ ಆಡದೆ ಅವಳ ಟೋಪಿ ಹಿಡಿದುಕೊಂಡು ಕೂತಿದ್ದೆ.